ಪ್ರತ್ಯಯಗಳ ಮೂಲ ಮತ್ತು ನೆಲೆ: ಜೋಗೇಶ್ವರಿಯ ಮಾತಿನಿಂದ ಇಂಗ್ಲಿಷ್ ಪ್ರತ್ಯಯಗಳತ್ತ

1. ಪೀಠಿಕೆ

ಮುಂಬಯಿಯಲ್ಲಿ ನೆಲೆಸಿದವನನ್ನು ಏನೆಂದು ಕರೆಯಬೇಕು? ಪಶ್ಚಿಮ ರೈಲ್ವೆಯ ಉಪನಗರ ಮಾರ್ಗದಲ್ಲಿ ಅಂಧೇರಿಯನ್ನು ದಾಟಿದೊಡನೆ ಬರುವ ಜೋಗೇಶ್ವರಿಯಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ ದೊರೆಯುವುದಿಲ್ಲ. ಮರಾಠಿಯವರಿಗೆ ಅವನು ‘ಮುಂಬಯಿಕರ್’. ಹಿಂದಿಯವರಿಗೆ ‘ಮುಂಬಯಿವಾಲಾ’. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಿಂದ ಬಂದು ತುಳುವನ್ನು ಮನೆಮಾತಾಗಿ ಉಳಿಸಿಕೊಂಡವರಿಗೆ ‘ಬೊಂಬಾಯಿದಾಯೆ’. ಕನ್ನಡದಲ್ಲಿ ‘ಮುಂಬಯಿಯವನು’. ನಗರದ ಇಂಗ್ಲಿಷ್ ಹೆಸರು 1995ರಲ್ಲಿ ಬದಲಾಗುವವರೆಗೆ ಇಂಗ್ಲಿಷ್ ಪತ್ರಿಕೆಗಳಿಗೆ ಅವನು ‘ಬಾಂಬೆಯೈಟ್’ ಆಗಿದ್ದನು. ಈಗ ಅವೇ ಪತ್ರಿಕೆಗಳು ಮರಾಠಿಯ ರೂಪವನ್ನೇ ಎತ್ತಿಕೊಂಡು, ಅದಕ್ಕೆ ಇಂಗ್ಲಿಷಿನ ಬಹುವಚನವನ್ನು ಅಂಟಿಸಿ, ‘ಮುಂಬೈಕರ್ಸ್’ ಎಂದು ಬರೆಯುತ್ತವೆ.

ಊರು ಒಂದೇ, ಮನುಷ್ಯನೂ ಒಬ್ಬನೇ. ಬದಲಾಗುವುದು ಪದದ ಕೊನೆಯಲ್ಲಿ ಬರುವ ಒಂದು ಸಣ್ಣ ತುಣುಕು. ಆ ತುಣುಕಿಗೆ ನಮ್ಮ ವೈಯಾಕರಣರು ‘ಪ್ರತ್ಯಯ’ವೆಂದು ಹೆಸರಿಟ್ಟಿದ್ದಾರೆ. ಸಾಮಾನ್ಯ ಬಳಕೆಯಲ್ಲಿರುವ ಇಂಗ್ಲಿಷ್ ಪ್ರತ್ಯಯಗಳ ಅರ್ಥವನ್ನೂ ಮೂಲವನ್ನೂ ಕನ್ನಡದ ಪ್ರತ್ಯಯಗಳೊಡನೆ ಹೋಲಿಸಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ಕ್ಷೇತ್ರಕಾರ್ಯದ ವರದಿಯಲ್ಲ. ಹಲವು ಭಾಷೆಗಳು ಒಂದೇ ಬೀದಿಯಲ್ಲಿ ಕೂಡುವ ಸ್ಥಳವೆಂಬ ಕಾರಣಕ್ಕೆ ಜೋಗೇಶ್ವರಿಯನ್ನು ನಿದರ್ಶನವಾಗಿ ಇಟ್ಟುಕೊಂಡಿದ್ದೇವೆ.

ಈ ವಿಷಯವನ್ನು ಎತ್ತಿಕೊಳ್ಳಲು ಇನ್ನೊಂದು ಕಾರಣವೂ ಉಂಟು. ಹೊರನಾಡಿನ ಕನ್ನಡವನ್ನು ಕುರಿತ ಚರ್ಚೆಗಳಲ್ಲಿ ‘ಇಲ್ಲಿಯ ಮಾತಿನಲ್ಲಿ ಇಂಗ್ಲಿಷ್ ಎಷ್ಟು ಸೇರಿದೆ’ ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಉತ್ತರಕ್ಕಾಗಿ ಎರವಲು ಪದಗಳನ್ನು ಎಣಿಸುವುದು ವಾಡಿಕೆ. ಎಣಿಸಬೇಕಾದುದು ಪದಗಳನ್ನಲ್ಲ, ಪ್ರತ್ಯಯಗಳ ನಡೆಯನ್ನು ನೋಡಬೇಕು ಎಂಬುದು ನಮ್ಮ ನಿಲುವು.

2. ಪ್ರತ್ಯಯವೆಂದರೇನು?

ಪದದ ತಿರುಳು ಪ್ರಕೃತಿ, ಅದಕ್ಕೆ ಹತ್ತುವುದು ಪ್ರತ್ಯಯ. ವಿಭಕ್ತಿ, ಆಖ್ಯಾತ ಪ್ರತ್ಯಯಗಳು ಪದವನ್ನು ವಾಕ್ಯಕ್ಕೆ ಹೊಂದಿಸುತ್ತವೆ. ಅವು ಇಲ್ಲಿ ನಮ್ಮ ವಿಷಯವಲ್ಲ. ಹೊಸ ಪದವನ್ನೇ ಹುಟ್ಟಿಸುವ ಪ್ರತ್ಯಯಗಳಲ್ಲಿ ಎರಡು ಬಗೆ. ಧಾತುವಿಗೆ ಹತ್ತಿ ನಾಮಪದವನ್ನು ಕೊಡುವಂಥವು ಕೃತ್ಪ್ರತ್ಯಯಗಳು: ಕುಣಿ–ಕುಣಿತ, ಅಂಜು–ಅಂಜಿಕೆ, ಓದು–ಓದುವಿಕೆ. ನಾಮಪದಕ್ಕೆ ಹತ್ತಿ ಇನ್ನೊಂದು ನಾಮಪದವನ್ನು ಕೊಡುವಂಥವು ತದ್ಧಿತಗಳು: ಬಳೆ–ಬಳೆಗಾರ, ಕನ್ನಡ–ಕನ್ನಡಿಗ, ದೊಡ್ಡ–ದೊಡ್ಡತನ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ತದ್ಧಿತಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ ಎಂಬುದು ಗಮನಾರ್ಹ.

ಜೋಗೇಶ್ವರಿಯೆಂಬ ಹೆಸರನ್ನೇ ಬಿಡಿಸಿ ನೋಡಬಹುದು. ಊರಿನ ಪೂರ್ವಭಾಗದಲ್ಲಿರುವ ಆರನೆಯ ಶತಮಾನದ ಶೈವ ಗುಹಾದೇವಾಲಯದಲ್ಲಿ ಪೂಜೆಗೊಳ್ಳುವ ದೇವಿಯ ಹೆಸರೇ ಊರಿಗೂ ಬಂದಿದೆ. ‘ಯೋಗೇಶ್ವರಿ’ಯಲ್ಲಿ ಮೊದಲ ಯಕಾರ ಪ್ರಾಕೃತದ ಹಾದಿಯಲ್ಲಿ ಜಕಾರವಾಯಿತು, ನಮ್ಮಲ್ಲಿ ‘ಯೋಗಿ’ಯು ‘ಜೋಗಿ’ಯಾದಂತೆ. ‘ಈಶ್ವರಿ’ಯಲ್ಲಿ ಒಂದರ ಮೇಲೊಂದು ಎರಡು ಪ್ರತ್ಯಯಗಳಿವೆ. ‘ಆಳು, ಒಡೆತನ ನಡೆಸು’ ಎಂಬರ್ಥದ ‘ಈಶ್’ ಧಾತುವಿಗೆ ಪಾಣಿನಿಯು ಹೇಳುವ ‘ವರಚ್’ ಹತ್ತಿ ‘ಈಶ್ವರ’ವಾಗುತ್ತದೆ. ಅದರ ಮೇಲೆ ಸ್ತ್ರೀವಾಚಕ ‘ಈ’ ಬರುತ್ತದೆ.

ಸುತ್ತಲಿನ ವಸತಿಗಳ ಹೆಸರುಗಳೂ ಹೀಗೆಯೇ ಬಿಡುತ್ತವೆ. ಮೇಘವಾಡಿ, ಮಜಾಸ್‌ವಾಡಿಗಳಲ್ಲಿ ‘ವಾಡಿ’, ನಟವರ್ ನಗರ್, ಶ್ಯಾಮ್ ನಗರ್‌ಗಳಲ್ಲಿ ‘ನಗರ’, ಬೆಹ್ರಾಮ್ ಬಾಗ್‌ನಲ್ಲಿ ಪಾರಸಿಯ ‘ಬಾಗ್’. ಬಾಂದ್ರೇಕರ್‌ವಾಡಿಯಲ್ಲಂತೂ ಊರಹೆಸರಿಗೆ ‘-ಕರ’ ಹತ್ತಿ ಮನೆತನದ ಹೆಸರಾಗಿದೆ, ಮನೆತನದ ಹೆಸರಿಗೆ ‘ವಾಡಿ’ ಸೇರಿ ಮತ್ತೆ ಸ್ಥಳನಾಮವಾಗಿದೆ. ವಾಡಿ, ನಗರ, ಬಾಗ್‌ಗಳು ಇಂದಿಗೂ ಸ್ವತಂತ್ರ ಪದಗಳು. ‘-ಕರ’ ಸ್ವತಂತ್ರವಾಗಿ ನಿಲ್ಲಲಾರದು. ಪದವು ಪ್ರತ್ಯಯವಾಗುವ ಹಾದಿಯ ಎರಡು ಹಂತಗಳು ಈ ಒಂದೇ ಹೆಸರಿನಲ್ಲಿ ಕಾಣುತ್ತವೆ.

3. ಇಂಗ್ಲಿಷ್ ಪ್ರತ್ಯಯಗಳ ಮೂರು ಪದರುಗಳು

ಇಂಗ್ಲಿಷಿನ ಪ್ರತ್ಯಯಗಳನ್ನು ಮೂಲದ ದೃಷ್ಟಿಯಿಂದ ಮೂರು ಪದರುಗಳಾಗಿ ವಿಂಗಡಿಸಬಹುದು. ಆ ಭಾಷೆ ಜರ್ಮಾನಿಕ್ ಕುಲದಿಂದ ತಂದುಕೊಂಡವು ಮೊದಲನೆಯವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಫ್ರೆಂಚಿನ ಮೂಲಕವೂ, ಮುಂದೆ ವಿದ್ವಾಂಸರ ಬರಹಗಳ ಮೂಲಕ ನೇರವಾಗಿಯೂ ಲ್ಯಾಟಿನ್ನಿನಿಂದ ಬಂದವು ಎರಡನೆಯವು. ಗ್ರೀಕ್ ಮೂಲದವು ಮೂರನೆಯವು. ಇವು ಹೆಚ್ಚಾಗಿ ಶಾಸ್ತ್ರ, ಧರ್ಮ, ರಾಜಕೀಯ ಚಿಂತನೆಗಳೊಡನೆ ಬಂದಿವೆ.

(ಅ) ದೇಶೀಯ ಪದರು. ಇಲ್ಲಿಯ ಹಲವು ಪ್ರತ್ಯಯಗಳು ಹಿಂದೆ ಸ್ವತಂತ್ರ ಪದಗಳಾಗಿದ್ದವು. ‘ಚೈಲ್ಡ್‌ಹುಡ್’ ಎಂಬಲ್ಲಿಯ ‘-ಹುಡ್’ ಹಳೆಯ ಇಂಗ್ಲಿಷಿನಲ್ಲಿ ‘ಸ್ಥಿತಿ, ಅಂತಸ್ತು, ವ್ಯಕ್ತಿ’ ಎಂಬರ್ಥಗಳ ನಾಮಪದ. ‘ಫ್ರೀಡಮ್’, ‘ಕಿಂಗ್‌ಡಮ್’ಗಳ ‘-ಡಮ್’ ‘ತೀರ್ಪು, ಅಧಿಕಾರ’ ಎಂಬರ್ಥದ್ದು. ‘ವಿಧಿ, ವಿನಾಶ’ ಎಂಬರ್ಥದಲ್ಲಿ ಇಂಗ್ಲಿಷಿನಲ್ಲಿ ಇಂದಿಗೂ ಇರುವ ‘ಡೂಮ್’ ಅದರ ಒಡಹುಟ್ಟು. ‘ಫ್ರೆಂಡ್‌ಶಿಪ್’ನ ‘-ಶಿಪ್’ಗೂ ಹಡಗಿಗೂ ಸಂಬಂಧವಿಲ್ಲ. ಅದು ‘ರೂಪಿಸು’ ಎಂಬರ್ಥದ ‘ಶೇಪ್’ನ ಬಳಗಕ್ಕೆ ಸೇರಿದ್ದು. ‘ಫ್ರೆಂಡ್ಲಿ’, ‘ಸ್ಲೋಲಿ’ಗಳ ‘-ಲಿ’ ಜರ್ಮಾನಿಕ್ ಮೂಲದ ‘ಲೀಕ್’, ಎಂದರೆ ‘ಮೈ, ಆಕಾರ’. ಗೆಳೆಯನ ಆಕಾರವುಳ್ಳದ್ದು ‘ಫ್ರೆಂಡ್ಲಿ’. ‘-ಲೆಸ್’ ಎಂಬುದು ‘ಕಡಮೆ’ ಎಂಬರ್ಥದ ಪದವಲ್ಲ, ‘ಇಲ್ಲದ, ತೊರೆದ’ ಎಂಬರ್ಥದ ಬೇರೊಂದು ಹಳೆಯ ವಿಶೇಷಣ.

ಕನ್ನಡದಲ್ಲಿಯೂ ಇದೇ ಕ್ರಿಯೆ ನಡೆದಿದೆ. ‘ನಿಧಾನವಾಗಿ’, ‘ಚೆನ್ನಾಗಿ’ ಎಂಬಲ್ಲಿಯ ‘-ಆಗಿ’ಯನ್ನು ಇಂದು ನಾವು ಪ್ರತ್ಯಯದಂತೆ ಬಳಸುತ್ತೇವೆ. ಅದು ‘ಆಗು’ ಧಾತುವಿನ ಭೂತಕೃದಂತ ಅವ್ಯಯ. ‘ಹಾಲಿನವನು’ ಎಂಬಲ್ಲಿ ‘ಅವನು’ ಎಂಬ ಸರ್ವನಾಮವೇ ಪ್ರತ್ಯಯದ ಕೆಲಸ ಮಾಡುತ್ತದೆ. ಆಡುಮಾತಿನಲ್ಲಿ ಅದು ‘ಹಾಲ್ನೋನು’ ಎಂದಾದಾಗ ಸರ್ವನಾಮದ ಗುರುತೇ ಮಾಸುತ್ತದೆ. ಇಂಗ್ಲಿಷಿನ ‘-ಹುಡ್’ ನೂರಾರು ವರ್ಷಗಳ ಹಿಂದೆ ನಡೆದ ಹಾದಿಯಲ್ಲಿ ಕನ್ನಡದ ‘-ಓನು’ ಇಂದು ನಡೆಯುತ್ತಿದೆ.

(ಆ) ಲ್ಯಾಟಿನ್–ಫ್ರೆಂಚ್ ಪದರು. ಜೋಗೇಶ್ವರಿಯ ನಿತ್ಯದ ಮಾತಿನಲ್ಲಿ ಹೆಚ್ಚು ಕೇಳಿಬರುವ ಇಂಗ್ಲಿಷ್ ಪದಗಳು ಈ ಪದರಿನವು. ಸ್ಟೇಷನ್, ಸೊಸೈಟಿ, ಡಾಕ್ಟರ್, ಡಿಪಾರ್ಟ್‌ಮೆಂಟ್ ಇವೆಲ್ಲ ಲ್ಯಾಟಿನ್ ಪ್ರತ್ಯಯಗಳನ್ನು ಹೊತ್ತಿವೆ. ಲ್ಯಾಟಿನ್ನೂ ಸಂಸ್ಕೃತವೂ ಒಂದೇ ಭಾಷಾಕುಲದವಾದುದರಿಂದ ಇವುಗಳ ದಾಯಾದಿಗಳು ಸಂಸ್ಕೃತದ ಮೂಲಕ ಕನ್ನಡಕ್ಕೆ ಮೊದಲೇ ಬಂದಿವೆ.

‘ಸ್ಟೇಷನ್’ ಎಂಬುದನ್ನೇ ನೋಡೋಣ. ಲ್ಯಾಟಿನ್ನಿನಲ್ಲಿ ‘ನಿಲ್ಲು’ ಎಂಬರ್ಥದ ‘ಸ್ತಾ’ ಧಾತುವಿಗೆ ‘-ತಿಓ’ ಎಂಬ ಭಾವಪ್ರತ್ಯಯ ಸೇರಿ ಈ ಪದ ಹುಟ್ಟಿತು. ಸಂಸ್ಕೃತದ ‘ಸ್ಥಿತಿ’ಯಲ್ಲಿ ‘ಸ್ಥಾ’ ಧಾತುವಿಗೆ ‘-ತಿ’ ಸೇರಿದೆ. ಲ್ಯಾಟಿನ್ ಪ್ರತ್ಯಯವು ಈ ಹಳೆಯ ‘-ತಿ’ಯನ್ನೇ ಬೆಳೆಸಿಕೊಂಡ ರೂಪ. ಧಾತುವೂ ಒಂದೇ, ಪ್ರತ್ಯಯದ ಬೀಜವೂ ಒಂದೇ. ‘ಸ್ಟೇಷನ್ನಿನ ಸ್ಥಿತಿ’ ಎಂದು ಹೇಳುವವನು ತಿಳಿಯದೆಯೇ ಒಂದೇ ಪದವನ್ನು ಎರಡು ವೇಷಗಳಲ್ಲಿ ಆಡಿರುತ್ತಾನೆ. ಗತಿ, ಮತಿ, ಕೃತಿಗಳಲ್ಲಿಯೂ ಇದೇ ‘-ತಿ’ ಇದೆ.

‘ಸೊಸೈಟಿ’, ‘ಮುನಿಸಿಪಾಲಿಟಿ’ಗಳ ‘-ಟಿ’ ಲ್ಯಾಟಿನ್ನಿನ ‘-ತಾಸ್’ನಿಂದ ಬಂದಿದೆ. ಸಾಮಾನ್ಯಾರ್ಥದಲ್ಲಿ ಅದು ಗುಣವನ್ನೂ ಸ್ಥಿತಿಯನ್ನೂ ಹೇಳುತ್ತದೆ. ವೇದಭಾಷೆಯ ‘ಸರ್ವತಾತಿ’, ‘ದೇವತಾತಿ’ಗಳಲ್ಲಿರುವ ‘-ತಾತಿ’ ಅದರ ದಾಯಾದಿ. ‘ಡಿಪಾರ್ಟ್‌ಮೆಂಟ್’, ‘ಪೇಮೆಂಟ್’ಗಳ ‘-ಮೆಂಟ್’ ಲ್ಯಾಟಿನ್ನಿನ ‘-ಮೆಂತುಮ್’. ಅದರ ಮೊದಲ ಭಾಗ ‘ಕರ್ಮನ್’, ‘ಜನ್ಮನ್’ಗಳ ‘-ಮನ್’ಗೆ ಸಂವಾದಿ.

‘ಬೆಸ್ಟ್’ ಬಸ್ಸಿನಲ್ಲಿ ಜೊತೆಯಾಗಿ ದುಡಿಯುವ ಡ್ರೈವರ್ ಮತ್ತು ಕಂಡಕ್ಟರ್ ಇಬ್ಬರ ಹೆಸರಿನ ಕೊನೆಯೂ ಕನ್ನಡದ ಕಿವಿಗೆ ಒಂದೇ ‘-ಅರ್’ ಎಂದು ಕೇಳುತ್ತದೆ. ಬರವಣಿಗೆಯಲ್ಲಿಯೂ ಮೂಲದಲ್ಲಿಯೂ ಅವು ಬೇರೆ. ‘ಕಂಡಕ್ಟರ್’, ‘ಡಾಕ್ಟರ್’, ‘ಕಲೆಕ್ಟರ್’ಗಳದು ಲ್ಯಾಟಿನ್ನಿನ ಕರ್ತೃವಾಚಕ ‘-ತೋರ್’. ಸಂಸ್ಕೃತದ ‘ಕರ್ತೃ’, ‘ದಾತೃ’, ‘ನೇತೃ’ಗಳ ‘-ತೃ’ ಅದರ ನೇರ ದಾಯಾದಿ. ‘ಡ್ರೈವರ್’, ‘ಬೇಕರ್’ಗಳದು ಜರ್ಮಾನಿಕ್ ಭಾಷೆಗಳ ‘-ಅರ್’. ಅದು ಕೂಡ ಬಹು ಹಿಂದೆ ಲ್ಯಾಟಿನ್ನಿನ ಬೇರೊಂದು ಪ್ರತ್ಯಯವಾದ ‘-ಆರಿಯುಸ್’ನಿಂದ ಎರವಲಾಗಿ ಬಂದುದೆಂದು ಹೆಚ್ಚಿನ ವಿದ್ವಾಂಸರು ಭಾವಿಸುತ್ತಾರೆ. ಇಂಗ್ಲಿಷಿನ ತೀರ ಸ್ವಂತದ್ದೆಂದು ಕಾಣುವ ಪ್ರತ್ಯಯವೂ ಎರವಲಿನದಾಗಿರಬಹುದು ಎಂಬ ಈ ಅಂಶವನ್ನು ಮುಂದಿನ ಚರ್ಚೆಗಾಗಿ ನೆನಪಿಡಬೇಕು.

ಈ ‘-ಅರ್’ ಮಾಡುವವನನ್ನೂ ಹೇಳುತ್ತದೆ, ‘ಲಂಡನರ್’ ಎಂಬಲ್ಲಿಯಂತೆ ಊರಿನವನನ್ನೂ ಹೇಳುತ್ತದೆ. ಕನ್ನಡದ ‘-ಇಗ’ವೂ ಹಾಗೆಯೇ: ‘ಲೆಕ್ಕಿಗ’ನಲ್ಲಿ ಕಸುಬು, ‘ಕನ್ನಡಿಗ’ನಲ್ಲಿ ಸೇರಿದ ನಾಡು. ಮರಾಠಿ ಮಾತ್ರ ಕಸುಬಿಗೆ ‘-ಕಾರ’, ಊರಿಗೆ ‘-ಕರ’ ಎಂದು ಹೆಚ್ಚಾಗಿ ಬೇರ್ಪಡಿಸಿಕೊಂಡಿದೆ.

(ಇ) ಗ್ರೀಕ್ ಪದರು. ‘-ಇಸಂ’, ‘-ಇಸ್ಟ್’, ‘-ಐಸ್’, ‘-ಲಜಿ’ ಮತ್ತು ಆರಂಭದಲ್ಲಿ ಹೇಳಿದ ‘ಬಾಂಬೆಯೈಟ್’ನ ‘-ಐಟ್’ ಇವು ಗ್ರೀಕಿನಿಂದ ಲ್ಯಾಟಿನ್ನಿನ ಮೂಲಕ ಬಂದವು. ‘-ಲಜಿ’ಯ ಮೂಲ ‘ಮಾತು, ವಿವರಣೆ’ ಎಂಬರ್ಥದ ‘ಲೋಗೋಸ್’. ‘-ಐಟ್’ ಎಂದರೆ ‘ಸೇರಿದವನು’. ‘ಆಕ್ಟ್ರೆಸ್’ ಮುಂತಾದೆಡೆ ಬರುವ ಸ್ತ್ರೀವಾಚಕ ‘-ಎಸ್’ ಕೂಡ ಗ್ರೀಕಿನ ‘-ಇಸ್ಸಾ’ದ ಪಳೆಯುಳಿಕೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ‘ಕ್ರಿಯೆಯಾಗಿಸು’ ಎಂಬರ್ಥದ ‘-ಐಸ್’ ಗ್ರೀಕಿನ ‘-ಇಜೆಯ್ನ್’ನಿಂದ ಬಂದಿದೆ. ಕನ್ನಡದ ‘ವಿವರಿಸು’, ‘ಸ್ಥಾಪಿಸು’ಗಳ ‘-ಇಸು’ ಧ್ವನಿಯಲ್ಲಿಯೂ ಕೆಲಸದಲ್ಲಿಯೂ ಅದನ್ನು ಹೋಲುತ್ತದೆ. ಆದರೆ ‘-ಇಸು’ ದ್ರಾವಿಡ ಮೂಲದ್ದು. ಎರಡಕ್ಕೂ ಸಂಬಂಧವಿಲ್ಲ. ‘ಸ್ಟೇಷನ್–ಸ್ಥಿತಿ’ಯ ನಂಟು ಧ್ವನಿನಿಯಮಗಳ ಆಧಾರದ ಮೇಲೆ ನಿಂತಿದೆ. ‘-ಐಸ್–ಇಸು’ವಿನದು ಬರಿಯ ಕಾಕತಾಳೀಯ.

4. ಕನ್ನಡ ಪ್ರತ್ಯಯಗಳ ಪದರುಗಳು

ಕನ್ನಡದ ಪ್ರತ್ಯಯಗಳನ್ನೂ ಮೂರು ಪದರುಗಳಾಗಿ ನೋಡಬಹುದು: ದ್ರಾವಿಡ ಮೂಲದವು, ಸಂಸ್ಕೃತ–ಪ್ರಾಕೃತಗಳಿಂದ ಬಂದವು, ಪಾರಸಿಯಿಂದ ಬಂದವು. ‘-ಇಕೆ’, ‘-ಇಸು’ಗಳು ಮೊದಲನೆಯ ಪದರಿನವು. ಎರಡನೆಯ ಪದರಿನ ‘-ತೆ’, ‘-ತ್ವ’, ‘-ವಂತ’ಗಳನ್ನು ಯಾರೂ ಸುಲಭವಾಗಿ ಗುರುತಿಸಬಲ್ಲರು. ಚರ್ಚೆಗೆ ಎಡೆಕೊಡುವವು ಗುರುತು ಸಿಗದಂತೆ ಬೆರೆತುಹೋದವು.

‘ದೊಡ್ಡತನ’, ‘ಕಳ್ಳತನ’, ‘ಸೋಮಾರಿತನ’ಗಳ ‘-ತನ’ಕ್ಕಿಂತ ಅಚ್ಚಕನ್ನಡವೆಂದು ತೋರುವ ಪ್ರತ್ಯಯ ಇನ್ನೊಂದಿರಲಾರದು. ಆದರೆ ಅದು ವೇದಭಾಷೆಯ ‘-ತ್ವನ’ದಿಂದ, ಪ್ರಾಕೃತದ ‘-ತ್ತಣ’ದ ಮೂಲಕ ಬಂದುದೆಂಬುದು ಹಲವು ಭಾಷಾವಿಜ್ಞಾನಿಗಳ ಅಭಿಪ್ರಾಯ. ಋಗ್ವೇದದಲ್ಲಿ ‘ಮಹಿತ್ವನ’ ಎಂಬ ಪದವುಂಟು. ಅದೇ ‘-ತ್ವನ’ ಇನ್ನೊಂದು ಪ್ರಾಕೃತ ಹಾದಿಯಲ್ಲಿ ‘-ಪ್ಪಣ’ವಾಗಿ ಮರಾಠಿಯ ‘-ಪಣ’, ಹಿಂದಿಯ ‘-ಪನ್’ ಆಯಿತು. ಈ ಅಭಿಪ್ರಾಯವನ್ನು ಒಪ್ಪಿದರೆ, ಜೋಗೇಶ್ವರಿಯ ಒಂದೇ ಚಾಳಿನಲ್ಲಿ ಕನ್ನಡದ ತಾಯಿಯು ಹೊಗಳುವ ‘ದೊಡ್ಡತನ’ವೂ, ಮರಾಠಿಯ ನೆರೆಯಾಕೆ ಹೇಳುವ ‘ಮೋಠೇಪಣಾ’ವೂ, ಹಿಂದಿಯವರು ನೆನೆಯುವ ‘ಬಚಪನ್’ ಕೂಡ ಒಂದೇ ಪ್ರತ್ಯಯದ ಮೂರು ಕವಲುಗಳಾಗುತ್ತವೆ.

‘ಬಳೆಗಾರ’, ‘ಮೋಸಗಾರ’ಗಳ ‘-ಗಾರ’ ಸಂಸ್ಕೃತದ ‘-ಕಾರ’ದಿಂದ ಬಂದಿದೆ. ಪಾರಸಿಯಲ್ಲಿ ‘ಜಾದೂಗರ್’ ಮುಂತಾದ ಪದಗಳ 
‘-ಗರ್’ ಕೂಡ ‘ಮಾಡು’ ಎಂಬರ್ಥದ ಅದೇ ಹಳೆಯ ಧಾತುವಿನದು. ‘ಜಾದೂಗರ್’ ಕನ್ನಡಕ್ಕೆ ಬಂದಾಗ ನಮ್ಮವರು ಅದನ್ನು ‘ಜಾದೂಗಾರ’ ಮಾಡಿಕೊಂಡರು. ಬಹುಕಾಲದ ಹಿಂದೆ ಅಗಲಿದ ದಾಯಾದಿಗಳು ಕನ್ನಡದಲ್ಲಿ ಮತ್ತೆ ಒಂದಾದರು.

ಪಾರಸಿಯ ‘-ದಾರ’ ‘ಹಿಡಿದವನು, ಉಳ್ಳವನು’ ಎಂಬರ್ಥದ್ದು. ಸಂಸ್ಕೃತದ ‘ಚಕ್ರಧರ’, ‘ಸೂತ್ರಧಾರ’ಗಳಲ್ಲಿರುವ ಧಾತುವೇ ಅದರ ಮೂಲ. ಆಡಳಿತದ ಪದಗಳಾದ ಜಮೀನ್ದಾರ, ಅಮಲ್ದಾರ, ಶಿರಸ್ತೇದಾರಗಳ ಬೆನ್ನೇರಿ ಅದು ಬಂದಿತು. ಮೊದಲಿಗೆ ಪದದ ಪ್ರಕೃತಿಯೂ ಪ್ರತ್ಯಯವೂ ಹೊರಗಿನವೇ. ಕಾಲಕ್ರಮದಲ್ಲಿ ಅದು ಬೇರ್ಪಟ್ಟು ಕನ್ನಡದ ಪ್ರಕೃತಿಗಳಿಗೆ ಹತ್ತಿತು: ಪಾಲುದಾರ, ಗುತ್ತಿಗೆದಾರ, ದೂರುದಾರ. ‘ಹಿಡುವಳಿದಾರ’ ಎಂಬಲ್ಲಿ ಕನ್ನಡದ ‘ಹಿಡಿ’ ಹೇಳಿದುದನ್ನೇ ಪಾರಸಿಯ ‘ದಾರ’ ಮತ್ತೊಮ್ಮೆ ಹೇಳುತ್ತದೆ. ಮುಂಬಯಿಯ ಹೋಟೆಲು ವ್ಯವಹಾರದಲ್ಲಿ ಬಳಕೆಯ ಪದವಾದ ‘ಪಾಲುದಾರಿಕೆ’ಯಲ್ಲಿ ನಡುವಣ ಪಾರಸಿ ತುಣುಕಿನ ಎರಡೂ ಬದಿಗಳಲ್ಲಿ ಕನ್ನಡವಿದೆ. ‘ಷೇರುದಾರ’ದಲ್ಲಿ ಇಂಗ್ಲಿಷ್ ಪ್ರಕೃತಿಯೂ ಈ ಪ್ರತ್ಯಯವನ್ನು ಒಪ್ಪಿಕೊಂಡಿದೆ.

ಪಾರಸಿಯ ಹಾದಿಯಲ್ಲೇ ಬಂದ ‘-ಗಿರಿ’ಯೂ ಹೀಗೆಯೇ. ಗುಮಾಸ್ತಗಿರಿಯಿಂದ ದಾದಾಗಿರಿ, ಗೂಂಡಾಗಿರಿಗಳವರೆಗೆ ಅದು ಹಬ್ಬಿತು. 2006ರಲ್ಲಿ ತೆರೆಕಂಡ ‘ಲಗೇ ರಹೋ ಮುನ್ನಾಭಾಯಿ’ ಎಂಬ ಹಿಂದಿ ಚಿತ್ರದಿಂದ ‘ಗಾಂಧಿಗಿರಿ’ ಪ್ರಚಾರಕ್ಕೆ ಬಂದು ಕನ್ನಡ ಪತ್ರಿಕೆಗಳಲ್ಲಿಯೂ ಅನುವಾದವಿಲ್ಲದೆ ನಡೆಯಿತು. ಹೀನಾರ್ಥಕ್ಕೆ ವಾಲಿದ್ದ ಪ್ರತ್ಯಯವೊಂದನ್ನು ಒಂದು ಹೊಸ ಪದ ಮೇಲೆತ್ತಿದ ಅಪರೂಪದ ನಿದರ್ಶನವಿದು.

5. ಎರವಲು ಪ್ರತ್ಯಯವು ಸ್ವಂತವಾಗುವುದು ಯಾವಾಗ?

ಮೇಲಿನ ವಿವರಗಳಿಂದ ಒಂದು ಸೂತ್ರವನ್ನು ಪಡೆಯಬಹುದು. ಎರವಲು ಪದದೊಡನೆ ಬಂದ ಪ್ರತ್ಯಯವು ಆ ಪದದಿಂದ ಬಿಡಿಸಿಕೊಂಡು ದೇಶೀಯ ಪ್ರಕೃತಿಗೆ ಹತ್ತಿದ ದಿನ ಅದು ಆ ಭಾಷೆಯ ಸ್ವಂತವಾಗುತ್ತದೆ. ಇದಕ್ಕೆ ಹುಟ್ಟಿದ ನೆಲ ಮುಖ್ಯವಲ್ಲ, ನಿಂತ ನೆಲೆ ಮುಖ್ಯ.

ಇಂಗ್ಲಿಷಿನಲ್ಲಿ ಇದು ಹೇರಳವಾಗಿ ನಡೆದಿದೆ. ಫ್ರೆಂಚ್ ಪದಗಳೊಡನೆ ಬಂದ ‘-ಅಬಲ್’ ಇಂಗ್ಲಿಷಿನ ಸ್ವಂತ ಧಾತುಗಳಿಗೆ ಹತ್ತಿ ‘ಈಟಬಲ್’, ‘ಡ್ರಿಂಕಬಲ್’, ‘ರೀಡಬಲ್’ಗಳಾದವು. ಈ ಪ್ರತ್ಯಯಕ್ಕೂ ‘ಸಮರ್ಥ’ ಎಂಬರ್ಥದ ‘ಏಬಲ್’ ಪದಕ್ಕೂ ಮೂಲದಲ್ಲಿ ನಂಟಿಲ್ಲ. ಆಡುವವರ ಮನಸ್ಸು ನಂಟನ್ನು ಕಲ್ಪಿಸಿಕೊಂಡುದರಿಂದ ಪ್ರತ್ಯಯವು ಹಬ್ಬಲು ಅನುಕೂಲವಾಯಿತು. ನಮ್ಮ ಬೀದಿಗಳ ‘ಬೇಕರಿ’ಯಲ್ಲಿ ದೇಶೀಯ ಧಾತುವಾದ ‘ಬೇಕ್’ಗೆ ಫ್ರೆಂಚಿನ ‘-ಅರಿ’ ಹತ್ತಿದೆ.

ಭಾರತದ ಪ್ರತ್ಯಯವೂ ಇಂಗ್ಲಿಷಿಗೆ ಹತ್ತಿದುದುಂಟು. ಭಾರತೀಯ ಸಿವಿಲ್ ಸೇವೆಗೆ 1855ರಿಂದ ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ಬರತೊಡಗಿದ ಆಂಗ್ಲ ತರುಣರಿಗೆ ‘ಕಾಂಪಿಟಿಷನ್ ವಾಲಾ’ ಎಂಬ ಹೆಸರು ಬಿದ್ದಿತು. 1864ರಲ್ಲಿ ಜಿ. ಒ. ಟ್ರೆವೆಲಿಯನ್ ಆ ಹೆಸರಿನ ಪುಸ್ತಕವನ್ನೇ ಪ್ರಕಟಿಸಿದನು. ಈ ‘-ವಾಲಾ’ ಸಂಸ್ಕೃತದ ‘ಪಾಲ’ದಿಂದ ಬಂದುದೆಂಬ ಅಭಿಪ್ರಾಯವೊಂದಿದೆ. ಇಂದಿನ ‘ಮುಂಬೈಕರ್ಸ್’ ಆ ಪರಂಪರೆಯ ಮುಂದುವರಿಕೆ.

ಪ್ರತ್ಯಯವು ಬೇರ್ಪಡುವಾಗ ಎಲ್ಲೆಯು ಸರಿದುಹೋಗುವುದೂ ಉಂಟು. ಜರ್ಮನಿಯ ಹ್ಯಾಂಬರ್ಗ್ ನಗರದ ಹೆಸರಿಗೆ ‘ಊರಿನದು’ ಎಂಬರ್ಥದ ‘-ಅರ್’ ಸೇರಿ ‘ಹ್ಯಾಂಬರ್ಗರ್’ ಆಯಿತು, ಎಂದರೆ ‘ಹ್ಯಾಂಬರ್ಗ್‌ಕರ್’. ಇಂಗ್ಲಿಷಿನವರು ಅದನ್ನು ‘ಹ್ಯಾಂ + ಬರ್ಗರ್’ ಎಂದು ಕತ್ತರಿಸಿದರು. ‘ಚೀಸ್‌ಬರ್ಗರ್’, ‘ವೆಜ್ ಬರ್ಗರ್’ಗಳು ಹುಟ್ಟಿದವು. ವಡಾಪಾವನ್ನು ‘ಬಾಂಬೆ ಬರ್ಗರ್’ ಎಂದು ವಿನೋದಕ್ಕೆ ಕರೆಯುವವರು ಈ ತಪ್ಪು ಬಿಡಿಕೆಯ ಫಲವನ್ನೇ ಉಣ್ಣುತ್ತಿದ್ದಾರೆ. ಕನ್ನಡದಲ್ಲಿ ‘-ಗಾರ’ ಮತ್ತು ‘-ಇಕೆ’ ಕೂಡಿ ‘-ಗಾರಿಕೆ’ ಎಂಬ ಒಂದೇ ಪ್ರತ್ಯಯವಾದುದು ಇದಕ್ಕೆ ಹತ್ತಿರದ ಘಟನೆ. ‘ಹೈನುಗಾರಿಕೆ’ ಎಂಬ ಪದವನ್ನು ಕಟ್ಟಲು ‘ಹೈನುಗಾರ’ನೆಂಬುವನು ಮೊದಲು ಇರಬೇಕಾಗಲಿಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಇಂಗ್ಲಿಷಿನ ಯಾವ ಪ್ರತ್ಯಯವಾದರೂ ಹೀಗೆ ಕನ್ನಡದ ಸ್ವಂತವಾಗಿದೆಯೇ? ಮುಂಬಯಿಯ ಕನ್ನಡದಲ್ಲಿ ಬಿಲ್ಡಿಂಗ್, ಪಾರ್ಕಿಂಗ್, ಡ್ರೈವರ್, ಪ್ರಿಂಟರ್, ಪೇಮೆಂಟ್, ಲೀಡರ್‌ಶಿಪ್ ಮುಂತಾದ ಪದಗಳು ದಂಡಿಯಾಗಿವೆ. ಆದರೆ ‘-ಇಂಗ್’, ‘-ಅರ್’, ‘-ಮೆಂಟ್’, ‘-ಶಿಪ್’ ಇವು ಕನ್ನಡದ ಧಾತುವಿಗಾಗಲಿ ನಾಮಕ್ಕಾಗಲಿ ಹತ್ತಿ ನೆಲೆನಿಂತುದು ನಮಗೆ ಕಾಣುವುದಿಲ್ಲ. ‘ತಿನ್ನಿಂಗು’, ‘ಮಾಡಿಂಗು’ ಎಂದು ವಿದ್ಯಾರ್ಥಿಗಳು ಆಡುವುದು ಬರಿಯ ನಗೆಗಾಗಿ. ನಗು ಬರುವುದೇ ಆ ಪ್ರತ್ಯಯ ಇನ್ನೂ ಹೊರಗಿನದೆಂಬುದಕ್ಕೆ ಸಾಕ್ಷಿ. ‘ಪಾಲುದಾರ’ನನ್ನು ಕೇಳಿ ಯಾರೂ ನಗುವುದಿಲ್ಲ. ಇಂಗ್ಲಿಷ್ ಪದಗಳು ಕನ್ನಡಕ್ಕೆ ಇಡಿಯಾಗಿ ಬಂದಿವೆ. ಅವುಗಳ ಕೀಲುಗಳು ಇನ್ನೂ ಬಿಚ್ಚಿಲ್ಲ. ‘ಮಾರ್ಕ್ಸುಗಳು’ ಎಂಬಲ್ಲಿ ಇಂಗ್ಲಿಷಿನ ಬಹುವಚನದ ಗುರುತನ್ನೇ ಪ್ರಕೃತಿಯೆಂದು ಭಾವಿಸಿ ಮೇಲೆ ‘-ಗಳು’ ಹಚ್ಚಿರುವುದು ಇದಕ್ಕೆ ಒಳ್ಳೆಯ ಸಾಕ್ಷ್ಯ.

ಇನ್ನೊಂದು ದಿಕ್ಕಿನಿಂದ ನೋಡಿದರೆ ಚಿತ್ರ ಇಷ್ಟು ನೆಮ್ಮದಿಯದಲ್ಲ. ಹಿಂದೆ ಕನ್ನಡವು ಹೊರಗಿನ ಪದ ಬಂದೊಡನೆ ತನ್ನ ಪ್ರತ್ಯಯವನ್ನು ಹಚ್ಚಿ ಪಳಗಿಸುತ್ತಿತ್ತು. ಸಂಸ್ಕೃತದಿಂದ ‘ಸ್ಥಾಪಿಸು’, ಪಾರಸಿ–ಅರಬ್ಬಿಗಳಿಂದ ‘ಬದಲಿಸು’, ‘ರವಾನಿಸು’, ‘ಜಮಾಯಿಸು’. ಇಂಗ್ಲಿಷಿನ ಹೊಸ್ತಿಲಿನಲ್ಲಿ ಈ ‘-ಇಸು’ ಬಹುಮಟ್ಟಿಗೆ ನಿಂತುಬಿಟ್ಟಿತು. ನಾವು ‘ಡ್ರೈವ್ ಮಾಡು’, ‘ಪ್ರಿಂಟ್ ಮಾಡು’ ಎನ್ನುತ್ತೇವೆ. ‘ಫೋನಾಯಿಸು’, ಈಚೆಗೆ ಬರಹದಲ್ಲಿ ಕಾಣುವ ‘ಗೂಗಲಿಸು’ ಇವು ಅಪವಾದಗಳು. ನಾಮಪದಗಳಲ್ಲಿಯೂ ಹಿಂದಿನವರು ‘ಮಾಸ್ತರಿಕೆ’, ‘ಡಾಕ್ಟರಿಕೆ’ ಎಂದು ಕಟ್ಟಿಕೊಂಡರು. ಮರಾಠಿಯು ತನ್ನ ‘-ಈಣ’ವನ್ನು ಹಚ್ಚಿ ‘ಮಾಸ್ತರೀಣ್’, ‘ಡಾಕ್ಟರೀಣ್’ ಎಂದಿತು. ಇಂದಿನ ತರುಣರ ಮಾತಿನಲ್ಲಿ ಪ್ರಕೃತಿಯ ಜೊತೆಗೆ ಪ್ರತ್ಯಯಾಂತ ರೂಪವೂ ಇಂಗ್ಲಿಷಿನಿಂದಲೇ ಬರುತ್ತದೆ. ‘ಲೀಡರ್’ ಬಂದ ಮೇಲೆ ‘ಲೀಡರ್‌ಗಿರಿ’ಗೆ ಬದಲು ‘ಲೀಡರ್‌ಶಿಪ್’ ಬರುತ್ತದೆ. ಭಾಷೆಗೆ ಒದಗುವ ನಷ್ಟ ‘ಲೀಡರ್’ ಎಂಬ ಪದ ಬಂದುದರಿಂದಲ್ಲ. ಅದಕ್ಕೆ ಹಚ್ಚಲು ನಮ್ಮ ಪ್ರತ್ಯಯವೊಂದು ನಾಲಗೆಗೆ ಬಾರದಿದ್ದಾಗ ನಷ್ಟ ಆರಂಭವಾಗುತ್ತದೆ.

6. ಬೋಧನೆ ಮತ್ತು ಪದರಚನೆ

ಬೃಹನ್ಮುಂಬಯಿ ಮಹಾನಗರಪಾಲಿಕೆಯು ಮರಾಠಿ, ಹಿಂದಿ, ಉರ್ದು, ಗುಜರಾತಿ, ತಮಿಳು, ತೆಲುಗು, ಇಂಗ್ಲಿಷ್ ಮಾಧ್ಯಮಗಳೊಡನೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸಿಕೊಂಡು ಬಂದಿದೆ. ಇಂಥ ಶಾಲೆಗಳ ಮಕ್ಕಳಿಗೆ ಇಂಗ್ಲಿಷನ್ನು ಕಲಿಸುವಾಗ ಪ್ರತ್ಯಯಗಳ ಹೋಲಿಕೆಯು ಉಪಯುಕ್ತ ಸಾಧನವಾಗಬಲ್ಲದು. ‘ಕೈಂಡ್–ಕೈಂಡ್‌ನೆಸ್’ ಎಂಬುದನ್ನು ‘ದೊಡ್ಡ–ದೊಡ್ಡತನ’ದ ಪಕ್ಕದಲ್ಲಿ, ‘ಡ್ರೈವ್–ಡ್ರೈವರ್’ ಎಂಬುದನ್ನು ‘ಬೇಟೆ–ಬೇಟೆಗಾರ’ದ ಪಕ್ಕದಲ್ಲಿ ಇಟ್ಟಾಗ ಮಗುವಿಗೆ ಒಂದು ಪದದ ಬದಲು ಪದಗಳ ಒಂದು ಕುಟುಂಬವೇ ದೊರೆಯುತ್ತದೆ. ಜೊತೆಗೆ ತನ್ನ ಭಾಷೆಯಲ್ಲಿಯೂ ಅಂಥ ಕೀಲುಗಳಿವೆ ಎಂಬ ಅರಿವು ಮೂಡುತ್ತದೆ.

ಹೋಲಿಕೆಯು ಯಾಂತ್ರಿಕವಾಗಬಾರದು. ‘-ಇಸಂ’ ಬಂದೆಡೆಯೆಲ್ಲ ‘-ವಾದ’ ಎಂದು ಹಾಕಿದರೆ ಎಡವಬೇಕಾಗುತ್ತದೆ. ‘ಸೋಷಿಯಲಿಸಂ’ ಸಮಾಜವಾದ, ಆದರೆ ‘ಜರ್ನಲಿಸಂ’ ಪತ್ರಿಕೋದ್ಯಮ, ‘ಬುದ್ಧಿಸಂ’ ಬೌದ್ಧಧರ್ಮ. ‘ಸ್ಕಾಲರ್‌ಶಿಪ್’ ಒಂದೆಡೆ ಪಾಂಡಿತ್ಯ, ಇನ್ನೊಂದೆಡೆ ವಿದ್ಯಾರ್ಥಿವೇತನ. ಅನುವಾದಕನು ಪ್ರತ್ಯಯದ ಮೂಲಾರ್ಥವನ್ನೂ ಅದು ಆ ಪದದಲ್ಲಿ ತಳೆದ ಅರ್ಥವನ್ನೂ ಬೇರೆ ಬೇರೆಯಾಗಿ ತೂಗಬೇಕು. ಈ ಕ್ಷೇತ್ರದಲ್ಲಿ ಡಾ. ಡಿ. ಎನ್. ಶಂಕರ ಬಟ್ ಅವರ ‘ಇಂಗ್ಲಿಶ್ ಪದಗಳಿಗೆ ಕನ್ನಡದ್ದೇ ಪದಗಳು’ ಎಂಬ ಕೃತಿಯನ್ನು ಅಭ್ಯಾಸಿಗಳು ಅವಶ್ಯವಾಗಿ ನೋಡಬೇಕು. ಸಂಸ್ಕೃತದ ನೆರವನ್ನು ಕಡಮೆ ಮಾಡಬೇಕೆಂಬ ಅವರ ನಿಲುವನ್ನು ಒಪ್ಪದವರಿಗೂ, ಕನ್ನಡದ ಪ್ರತ್ಯಯಗಳ ಶಕ್ತಿಯನ್ನು ಮನಗಾಣಲು ಅವರ ಕೆಲಸ ನೆರವಾಗುತ್ತದೆ.

7. ಸಮಾರೋಪ

ಹುಟ್ಟಿನ ಆಧಾರದ ಮೇಲೆ ಪ್ರತ್ಯಯಗಳನ್ನು ‘ನಮ್ಮವು, ಅವರವು’ ಎಂದು ಬೇರ್ಪಡಿಸುವುದು ಕಷ್ಟ. ‘-ತನ’ ಪ್ರಾಕೃತದ್ದಾಗಿರಬಹುದು, ‘-ದಾರ’ ಪಾರಸಿಯದು. ಇಂಗ್ಲಿಷಿನ ‘-ಅರ್’ ಕೂಡ ಲ್ಯಾಟಿನ್ನಿನದಾಗಿರಬಹುದು. ಇವೆಲ್ಲ ಇಂದು ಆಯಾ ಭಾಷೆಯ ಸ್ವಂತವಾಗಿರುವುದು ಅವು ಅಲ್ಲಿ ದುಡಿಯುತ್ತಿರುವುದರಿಂದ.

ಆದುದರಿಂದ ದೆಹಲಿ, ಮುಂಬಯಿ, ಚೆನ್ನೈ, ಹೈದರಾಬಾದುಗಳಂಥ ನಗರಗಳ ಕನ್ನಡವನ್ನು ಅಧ್ಯಯನ ಮಾಡುವ ಹೊರನಾಡಿನ ಸಂಶೋಧಕರಲ್ಲಿ ನಮ್ಮದೊಂದು ವಿನಂತಿ. ಸಂಗ್ರಹಿಸಿದ ಮಾತಿನಲ್ಲಿ ಇಂಗ್ಲಿಷ್ ಪದಗಳೆಷ್ಟು ಎಂಬ ಎಣಿಕೆಯ ಜೊತೆಗೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಹೊರಗಿನ ಪ್ರತ್ಯಯ ಯಾವುದಾದರೂ ಕನ್ನಡದ ಪ್ರಕೃತಿಗೆ ಹತ್ತಿದೆಯೇ? ಕನ್ನಡದ ಪ್ರತ್ಯಯ ಹೊರಗಿನ ಹೊಸ ಪ್ರಕೃತಿಗೆ ಇನ್ನೂ ಹತ್ತುತ್ತಿದೆಯೇ? ಮೊದಲ ತಲೆಮಾರಿನವರು ಕಟ್ಟುತ್ತಿದ್ದ ಬಗೆಯ ಪದಗಳನ್ನು ಮೂರನೆಯ ತಲೆಮಾರಿನವರು ಕಟ್ಟಬಲ್ಲರೇ? ನಗರದ ಕನ್ನಡದ ಆರೋಗ್ಯವನ್ನು ತಿಳಿಯಲು ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳ ಉತ್ತರವೇ ಹೆಚ್ಚು ನಂಬತಕ್ಕದ್ದು. ಜೋಗೇಶ್ವರಿಯ ಮಗುವೊಂದು ತಾನು ಆ ದಿನವಷ್ಟೇ ಕಲಿತ ಇಂಗ್ಲಿಷ್ ಪದಕ್ಕೆ ತಾನಾಗಿ ‘-ಇಕೆ’ಯನ್ನೋ ‘-ತನ’ವನ್ನೋ ‘-ಇಸು’ವನ್ನೋ ಹಚ್ಚಿ ಆಡಿದರೆ, ಹಿರಿಯರು ಅದನ್ನು ತಿದ್ದುವ ಮೊದಲು ಸಂಶೋಧಕರು ಬರೆದಿಟ್ಟುಕೊಳ್ಳಬೇಕು.